ಮರುಭೂಮಿ ಮ್ಯೂಸಿಯಂಗೆ ಹರಾಜಿನ ಹಣ: ಕೂಗಿದ ಬೆಲೆಯಲ್ಲಿ ದಾನವೆಷ್ಟು?

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರವನ್ನು ಬಿಟ್ಟು ಪಶ್ಚಿಮದ ಗುಡ್ಡಗಳತ್ತ ಇಪ್ಪತ್ತು ಕಿಲೋಮೀಟರಿನಷ್ಟು ಸಾಗಿದರೆ, ಬಹುಪಾಲು ಛಾವಣಿಯೇ ಇಲ್ಲದ ಒಂದು ವಸ್ತುಸಂಗ್ರಹಾಲಯ ಎದುರಾಗುತ್ತದೆ. ಅದರ ಹೆಸರು ಅರಿಜೋನಾ-ಸೊನೊರಾ ಡೆಸರ್ಟ್ ಮ್ಯೂಸಿಯಂ. ಸೊನೊರಾ ಮರುಭೂಮಿಯ ಗಿಡ, ಪ್ರಾಣಿ, ಕಲ್ಲು, ನೀರು ಎಲ್ಲವನ್ನೂ ಒಂದೇ ಆವರಣದಲ್ಲಿ ತೋರಿಸುವ ಈ ಖಾಸಗಿ ಲಾಭರಹಿತ ಸಂಸ್ಥೆಯ ಖರ್ಚು ನಡೆಯುವುದು ಮುಖ್ಯವಾಗಿ ಪ್ರವೇಶ ಶುಲ್ಕ, ಸದಸ್ಯರ ಚಂದಾ ಹಾಗೂ ದಾನಿಗಳ ಕೊಡುಗೆಯಿಂದ. ಇಂಥ ಸಂಸ್ಥೆಗಳು ದಾನ ಕೂಡಿಸಲು ಅಮೆರಿಕದಲ್ಲಿ ಹಿಡಿಯುವ ಹಳೆಯ ಹಾದಿಗಳಲ್ಲಿ ಧರ್ಮಾರ್ಥ ಹರಾಜೂ ಒಂದು. ಯಾರೋ ಉಚಿತವಾಗಿ ಕೊಟ್ಟ ವಸ್ತುವನ್ನು ಮತ್ತಾರೋ ಹಣ ಕೊಟ್ಟು ಕೊಳ್ಳುತ್ತಾರೆ, ಆ ಹಣ ಮ್ಯೂಸಿಯಂಗೆ ಸೇರುತ್ತದೆ. ಹೊರನೋಟಕ್ಕೆ ಇಷ್ಟು ಸರಳವಾದ ಏರ್ಪಾಟಿನ ಒಳಗೆ ತೆರಿಗೆಯ ಲೆಕ್ಕವಿದೆ, ವನ್ಯಜೀವಿ ಕಾನೂನಿನ ಕಟ್ಟುಪಾಡುಗಳಿವೆ, ಕಲಾವಿದರ ಅಸಮಾಧಾನವೂ ಇದೆ.

ಪದ್ಧತಿ ಕನ್ನಡಿಗರಿಗೆ ಅಪರಿಚಿತವೇನಲ್ಲ. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ದೊಡ್ಡ ರಥ ಹೊರಡುವ ಮುನ್ನ ಮುಕ್ತಿ ಬಾವುಟದ ಹರಾಜು ನಡೆಯುತ್ತದೆ. ಬಟ್ಟೆಯ ಬಾವುಟ ಲಕ್ಷಾಂತರ ರೂಪಾಯಿಗೆ ಹೋಗುತ್ತದೆ. ಗಣೇಶೋತ್ಸವದಲ್ಲಿ ದೇವರ ಮುಂದಿಟ್ಟ ಲಾಡು, ತೆಂಗಿನಕಾಯಿ, ಹೂವಿನ ಹಾರಗಳನ್ನು ಸವಾಲಿಗೆ ಹಾಕುವುದೂ ಇದೇ ಬಗೆಯದು. ಬಾವುಟ ಹಿಡಿದ ಭಕ್ತರು ಬಟ್ಟೆಗೆ ಅಷ್ಟು ಬೆಲೆಯಿದೆ ಎಂದು ನಂಬಿ ಹಣ ಕೊಟ್ಟವರಲ್ಲ. ಬಟ್ಟೆಯ ಬೆಲೆಗೂ ಕೂಗಿದ ಬೆಲೆಗೂ ನಡುವಿನ ಅಂತರವೇ ಅಲ್ಲಿ ಕಾಣಿಕೆ. ಅಮೆರಿಕದಲ್ಲಿ ಆ ಅಂತರವನ್ನು ಅಳೆದು ಕಾಗದದ ಮೇಲೆ ಬರೆದಿಡಬೇಕಾಗುತ್ತದೆ.

ಬಯಲೇ ಕಟ್ಟಡ

ಮ್ಯೂಸಿಯಂ ಬಾಗಿಲು ತೆರೆದದ್ದು 1952ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಕಾರ್ಮಿಕ ದಿನದಂದು. ಅದರ ಹಿಂದೆ ಇದ್ದವರು ಇಬ್ಬರು. ವಿಲಿಯಂ ಕಾರ್ ಅದಕ್ಕೂ ಮೊದಲು ನ್ಯೂಯಾರ್ಕ್ ಬಳಿಯ ಬೇರ್ ಮೌಂಟನ್‌ನಲ್ಲಿ ಕಾಲುದಾರಿಯುದ್ದಕ್ಕೂ ನಿಸರ್ಗವನ್ನು ಪರಿಚಯಿಸುವ ಮ್ಯೂಸಿಯಂ ಕಟ್ಟಿ ಅನುಭವ ಪಡೆದಿದ್ದವರು. ಆರ್ಥರ್ ಪ್ಯಾಕ್ ಮರದ ವ್ಯಾಪಾರದಲ್ಲಿ ದೊಡ್ಡ ಆಸ್ತಿ ಗಳಿಸಿದ ಚಾರ್ಲ್ಸ್ ಲಾಥ್ರಪ್ ಪ್ಯಾಕ್ ಅವರ ಮಗ. 'ನೇಚರ್ ಮ್ಯಾಗಜೀನ್' ಪತ್ರಿಕೆಯ ಸಂಪಾದಕರಾಗಿದ್ದವರು. ನ್ಯೂ ಮೆಕ್ಸಿಕೊದಲ್ಲಿದ್ದ ತಮ್ಮ ಘೋಸ್ಟ್ ರಾಂಚ್ ಎಂಬ ವಿಶಾಲ ಜಮೀನನ್ನು 1955ರಲ್ಲಿ ಚರ್ಚ್ ಒಂದಕ್ಕೆ ದಾನವಾಗಿ ಬಿಟ್ಟುಕೊಟ್ಟರು. ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್ 1940ರಲ್ಲಿ ಮನೆ ಕೊಂಡದ್ದು ಆ ಜಮೀನಿನಲ್ಲೇ, ಇದೇ ಪ್ಯಾಕ್ ಅವರಿಂದ.

ಮರುಭೂಮಿ ಎಂದರೆ ಬರಡು ಎಂಬ ಭಾವನೆಯನ್ನು ಅಳಿಸುವುದು ಇಬ್ಬರ ಉದ್ದೇಶವಾಗಿತ್ತು. ಅಂದಿನ ಟೂಸಾನ್ ನಿವಾಸಿಗಳಲ್ಲಿ ಅನೇಕರು ಹೊರಗಿನಿಂದ ಬಂದು ನೆಲೆಸಿದವರು, ಮನೆಯ ಮುಂದೆ ಹಸಿರು ಹುಲ್ಲುಹಾಸು ಬೇಕೆನ್ನುವವರು. ಅವರನ್ನು ಗುಡ್ಡದ ನಡುವೆ ಕರೆತಂದು, ಕಾಲಡಿಯ ನೆಲದಲ್ಲಿ ಏನೇನಿದೆ ನೋಡಿ ಎಂದು ತೋರಿಸಲಾಯಿತು. ಜಾರ್ಜ್ ಎಲ್. ಮೌಂಟನ್‌ಲಯನ್ ಎಂಬ ನಾಮಾಂಕಿತ ಹೊತ್ತ ಪೂಮಾ 1950ರ ದಶಕದಲ್ಲಿ ಮ್ಯೂಸಿಯಂನ ದೊಡ್ಡ ಆಕರ್ಷಣೆಯಾಗಿತ್ತು. ನೆಲದೊಳಗಿನ ಬಿಲಗಳನ್ನು ಸುರಂಗದಲ್ಲಿ ನಡೆಯುತ್ತಾ ಪಕ್ಕದಿಂದ ನೋಡುವ ಏರ್ಪಾಟು, ಸುಣ್ಣಕಲ್ಲಿನ ಗುಹೆಯನ್ನು ಹೋಲುವ ಕೃತಕ ಗುಹೆ, ಝೇಂಕಾರದ ಹಕ್ಕಿಗಳ ಬಲೆಮನೆ ಒಂದೊಂದಾಗಿ ಸೇರಿಕೊಂಡವು. 2013ರಲ್ಲಿ ಮತ್ಸ್ಯಾಲಯವೂ ಬಂತು. ಮರುಭೂಮಿಯಲ್ಲಿ ಮೀನೇ ಎಂದು ಹುಬ್ಬೇರಿಸುವವರಿಗೆ ಉತ್ತರವೆಂದರೆ, ಸೊನೊರಾದ ನಡುವೆ ಕ್ಯಾಲಿಫೋರ್ನಿಯಾ ಕೊಲ್ಲಿಯೇ ಚಾಚಿಕೊಂಡಿದೆ.

ಇಡೀ ಆವರಣ 98 ಎಕರೆ. ಇದರಲ್ಲಿ ಪ್ರದರ್ಶನಕ್ಕೆಂದು ಅಭಿವೃದ್ಧಿಪಡಿಸಿದ್ದು ಐದನೇ ಒಂದು ಭಾಗದಷ್ಟು ಮಾತ್ರ. ಸುಮಾರು ಮೂರು ಕಿಲೋಮೀಟರ್ ಕಾಲುದಾರಿ, 1,200 ಬಗೆಯ ಸಸ್ಯ, 200ಕ್ಕೂ ಹೆಚ್ಚು ಜಾತಿಯ ಪ್ರಾಣಿಗಳಿವೆ. ಚಳಿಗಾಲದ ತಿಂಗಳುಗಳಲ್ಲಿ ಹ್ಯಾರಿಸ್ ಗಿಡುಗಗಳನ್ನು ಬಯಲಿನಲ್ಲಿ ಮುಕ್ತವಾಗಿ ಹಾರಿಸಿ, ಅವು ಗುಂಪಾಗಿ ಬೇಟೆಯಾಡುವ ರೀತಿಯನ್ನು ಜನರ ತಲೆಯ ಮೇಲೆಯೇ ತೋರಿಸುತ್ತಾರೆ. ಜಮೀನು ಪಿಮಾ ಕೌಂಟಿಗೆ, ಅಂದರೆ ಅಲ್ಲಿನ ಜಿಲ್ಲಾಡಳಿತಕ್ಕೆ ಸೇರಿದ್ದು. ಆವರಣದೊಳಗಿನ ಬದುಕನ್ನು ಸಾಕುವ ಹೊಣೆ ಮಾತ್ರ ಸಂಸ್ಥೆಯದು.

ಓದುಗರು ಗಮನಿಸಬೇಕಾದ ಒಂದು ಸಂಗತಿಯೆಂದರೆ, ಟೂಸಾನ್‌ನಲ್ಲಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬೀಳುವ ಮಳೆಗೂ ಜನ 'ಮಾನ್ಸೂನ್' ಎಂದೇ ಕರೆಯುತ್ತಾರೆ. ನಮ್ಮಲ್ಲಿಯಂತೆಯೇ ಅಲ್ಲೂ ಬೇಸಿಗೆಯ ಕಾವಿಗೆ ಗಾಳಿ ದಿಕ್ಕು ಬದಲಿಸುತ್ತದೆ. ಚಳಿಗಾಲದಲ್ಲಿ ಇನ್ನೊಂದು ಸುತ್ತು ಮಳೆಯಿದೆ. ಎರಡೂ ಕೂಡಿದರೆ ವರ್ಷಕ್ಕೆ 30 ಸೆಂಟಿಮೀಟರ್ ದಾಟುವುದು ಕಷ್ಟ. ಆದರೂ ಈ ಎರಡು ಮಳೆಗಳ ದೆಸೆಯಿಂದಲೇ ಸೊನೊರಾ ಜಗತ್ತಿನ ಅತ್ಯಂತ ಸಸ್ಯಸಮೃದ್ಧ ಮರುಭೂಮಿಗಳಲ್ಲಿ ಒಂದೆನಿಸಿದೆ.

ಗೇಟು ಮುಚ್ಚಿದರೂ ಹಸಿವು ಮುಚ್ಚದು

ಪ್ರವೇಶ ಶುಲ್ಕವನ್ನು ನೆಚ್ಚಿಕೊಂಡ ಸಂಸ್ಥೆಯ ದೌರ್ಬಲ್ಯ 2020ರಲ್ಲಿ ಜಗತ್ತಿನ ಎಲ್ಲೆಡೆ ಬಯಲಾಯಿತು. ಕೋವಿಡ್ ಕಾರಣಕ್ಕೆ ಮ್ಯೂಸಿಯಂ, ಮೃಗಾಲಯಗಳು ಬಾಗಿಲು ಹಾಕಿದಾಗ ಚಿತ್ರಶಾಲೆಗಳು ದೀಪವಾರಿಸಿ ಖರ್ಚು ತಗ್ಗಿಸಬಹುದಿತ್ತು. ಜೀವಂತ ಸಂಗ್ರಹವಿರುವ ಕಡೆ ಅದು ಸಾಧ್ಯವಿರಲಿಲ್ಲ. ಪ್ರಾಣಿಗೆ ಮೇವು, ಮಾಂಸ, ಔಷಧ, ನೋಡಿಕೊಳ್ಳುವವರ ಸಂಬಳ ಯಾವುದೂ ನಿಲ್ಲುವಂಥದ್ದಲ್ಲ. 1892ರಲ್ಲಿ ಸ್ಥಾಪನೆಯಾದ ನಮ್ಮ ಮೈಸೂರು ಮೃಗಾಲಯವೂ ಟಿಕೆಟ್ ಹಣವನ್ನೇ ಬಹುವಾಗಿ ಆಧರಿಸಿದ್ದು, ಆ ವರ್ಷದ ಲಾಕ್‌ಡೌನ್‌ನಲ್ಲಿ ದಾನಿಗಳ ಮುಂದೆ ಕೈಚಾಚಬೇಕಾಯಿತು. ಪ್ರಾಣಿಗಳ ದತ್ತು ಯೋಜನೆಯಡಿ ಹಣ ಕಟ್ಟಿದ ನಾಗರಿಕರೂ ಆಗ ಆಸರೆಯಾದರು.

ದತ್ತು ಯೋಜನೆಯಲ್ಲಿ ದಾನಿಗೆ ಪ್ರಮಾಣಪತ್ರ ಹಾಗೂ ಒಂದಿಷ್ಟು ಸಂತೋಷ ದೊರೆಯುತ್ತದೆ. ಹರಾಜಿನಲ್ಲಿ ಕೈಗೆ ವಸ್ತುವೂ ಸಿಗುತ್ತದೆ, ಪಕ್ಕದವರ ಎದುರು ಗೆದ್ದ ಹೆಮ್ಮೆಯೂ ಸಿಗುತ್ತದೆ. ಆದ್ದರಿಂದಲೇ ಎಂದೂ ಚೆಕ್ಕು ಬರೆಯದವರು ಕೂಡ ಹರಾಜಿನ ಸಂಜೆ ಕೈ ಎತ್ತುತ್ತಾರೆಂಬುದು ಆಯೋಜಕರ ನಂಬಿಕೆ.

ಒಂದೇ ಸಂಜೆ, ಮೂರು ಹರಾಜು

ಅಮೆರಿಕದ ಧರ್ಮಾರ್ಥ ಹರಾಜಿನ ಸಂಜೆ ಸಾಮಾನ್ಯವಾಗಿ ಮೂರು ಹಂತಗಳಲ್ಲಿ ಸಾಗುತ್ತದೆ. ಮೊದಲನೆಯದು ಮೌನ ಹರಾಜು. ಸಭಾಂಗಣದ ಗೋಡೆಯುದ್ದಕ್ಕೂ ಮೇಜುಗಳ ಮೇಲೆ ವಸ್ತುಗಳನ್ನು ಜೋಡಿಸಿ, ಪ್ರತಿಯೊಂದರ ಪಕ್ಕ ಒಂದು ಹಾಳೆ ಇಟ್ಟಿರುತ್ತಾರೆ. ಬೇಕಾದವರು ತಮ್ಮ ಸಂಖ್ಯೆ ಮತ್ತು ಬೆಲೆಯನ್ನು ಬರೆಯಬೇಕು, ನಂತರ ಬಂದವರು ಅದಕ್ಕಿಂತ ಹೆಚ್ಚು ಬರೆಯಬೇಕು. ಆರಂಭದ ಬೆಲೆಯನ್ನು ಮಾರುಕಟ್ಟೆ ಬೆಲೆಯ ಅರ್ಧಕ್ಕೋ ಇನ್ನೂ ಕೆಳಕ್ಕೋ ನಿಗದಿಪಡಿಸುವುದು ರೂಢಿ. ಮೊದಲ ಹೆಸರು ಬಿದ್ದ ಮೇಲಷ್ಟೇ ಎರಡನೆಯವರು ಪೆನ್ನು ಹಿಡಿಯುತ್ತಾರೆ ಎಂಬುದು ಇದರ ಹಿಂದಿನ ಲೆಕ್ಕಾಚಾರ. ಈಗ ಹಾಳೆಯ ಜಾಗವನ್ನು ಬಹುಕಡೆ ಮೊಬೈಲ್ ಫೋನ್ ಆಕ್ರಮಿಸಿದೆ. ನಿಮ್ಮ ಬೆಲೆಯನ್ನು ಯಾರೋ ಮೀರಿಸಿದ್ದಾರೆ ಎಂಬ ಸಂದೇಶ ಊಟದ ನಡುವೆಯೇ ಬಂದು ಬೀಳುತ್ತದೆ.

ಎರಡನೆಯದು ಬಹಿರಂಗ ಹರಾಜು. ಊಟ ಮುಗಿಯುವ ಹೊತ್ತಿಗೆ ಹರಾಜುದಾರ ವೇದಿಕೆ ಹತ್ತುತ್ತಾನೆ. ಇಲ್ಲಿಗೆ ಬರುವುದು ಆಯ್ದ ಕೆಲವೇ ವಸ್ತುಗಳು, ಹತ್ತರ ಆಸುಪಾಸು. ಹೆಚ್ಚಾದರೆ ಜನರ ಗಮನ ಚದುರುತ್ತದೆ. ದೊಡ್ಡ ಬೆಲೆ ಬರುವುದು ಅಂಗಡಿಯಲ್ಲಿ ಸಿಗದ ಅವಕಾಶಗಳಿಗೆ. ನಿಸರ್ಗ ಮ್ಯೂಸಿಯಂ ಮಟ್ಟಿಗೆ ಹೇಳುವುದಾದರೆ, ಜನರಿಗೆ ಪ್ರವೇಶವಿಲ್ಲದ ಹಿಂಭಾಗದಲ್ಲಿ ಪ್ರಾಣಿಪಾಲಕರ ಜತೆ ಒಂದು ಬೆಳಗ್ಗೆ ಕಳೆಯುವ ಅವಕಾಶ, ಹುಟ್ಟಿದ ಮರಿಗೆ ಹೆಸರಿಡುವ ಹಕ್ಕು, ಸಸ್ಯಶಾಸ್ತ್ರಜ್ಞರೊಡನೆ ಹೂಬಿಡುವ ಕಾಲದಲ್ಲಿ ಗುಡ್ಡ ಸುತ್ತುವ ಪ್ರವಾಸ ಇಂಥವು. ಇವುಗಳ ಅನುಕೂಲವೆಂದರೆ ಸಂಸ್ಥೆಗೆ ಹೆಚ್ಚು ಖರ್ಚಿಲ್ಲ. ಒಂದೇ ಅವಕಾಶವನ್ನು, ಇಬ್ಬರು ಸಮನಾಗಿ ಕೂಗಿದರೆ, ಅದೇ ಬೆಲೆಗೆ ಇಬ್ಬರಿಗೂ ಕೊಟ್ಟುಬಿಡಬಹುದು. ಚತುರ ಹರಾಜುದಾರರು ಇದನ್ನು ಮಾಡುತ್ತಲೇ ಇರುತ್ತಾರೆ.

ಮೂರನೆಯದನ್ನು ಹರಾಜು ಎನ್ನಬಹುದೇ ಎಂಬುದೇ ಪ್ರಶ್ನೆ. ಇದರಲ್ಲಿ ಮಾರಾಟಕ್ಕೆ ವಸ್ತುವೇ ಇಲ್ಲ. ಹರಾಜುದಾರ ಒಂದು ನಿರ್ದಿಷ್ಟ ಅಗತ್ಯವನ್ನು ಹೇಳುತ್ತಾನೆ: ಶಾಲಾ ಮಕ್ಕಳನ್ನು ಕರೆತರುವ ಬಸ್ಸಿನ ಬಾಡಿಗೆ, ಪಶುವೈದ್ಯ ಕೋಣೆಗೆ ಉಪಕರಣ ಹೀಗೆ. ಬಳಿಕ ದೊಡ್ಡ ಮೊತ್ತದಿಂದ ಆರಂಭಿಸಿ, ಇಷ್ಟು ಕೊಡುವವರು ತಮ್ಮ ಸಂಖ್ಯಾಫಲಕ ಎತ್ತಿ ಎನ್ನುತ್ತಾನೆ. ಎತ್ತಿದವರ ಸಂಖ್ಯೆ ಬರೆದುಕೊಂಡು ಕೆಳಗಿನ ಮೊತ್ತಕ್ಕೆ ಇಳಿಯುತ್ತಾನೆ. ಕೊನೆಗೆ ಐವತ್ತು, ನೂರು ಡಾಲರ್‌ಗೆ ಬಂದಾಗ ಇಡೀ ಸಭಾಂಗಣದ ಫಲಕಗಳು ಮೇಲೇಳುತ್ತವೆ. ಮೇಲಿನಿಂದ ಕೆಳಕ್ಕೆ ಇಳಿಯುವ ಈ ಕ್ರಮಕ್ಕೆ ಕಾರಣವಿದೆ. ಕೆಳಗಿನಿಂದ ಆರಂಭಿಸಿದರೆ ಸಾವಿರ ಕೊಡಬಲ್ಲವರೂ ನೂರಕ್ಕೇ ಫಲಕ ಎತ್ತಿ ಕೈ ತೊಳೆದುಕೊಳ್ಳುತ್ತಾರೆ! ಅನೇಕ ಸಂಸ್ಥೆಗಳಲ್ಲಿ ಸಂಜೆಯ ಗಳಿಕೆಯ ದೊಡ್ಡ ಪಾಲು ಬರುವುದು ಈ ಹಂತದಿಂದಲೇ. ಹಾಗಿದ್ದ ಮೇಲೆ ಮೊದಲ ಎರಡು ಹಂತಗಳ ಸಡಗರವೇಕೆ ಎಂದು ಕೇಳಬಹುದು. ಕೈ ಎತ್ತುವ ಅಭ್ಯಾಸ ಅಷ್ಟರೊಳಗೆ ಆಗಿರಬೇಕಲ್ಲ!

ಸಂಗ್ರಹವಾದ ಮೊತ್ತವೆಲ್ಲ ಮ್ಯೂಸಿಯಂಗೆ ಉಳಿಯುವುದೂ ಇಲ್ಲ. ಸಭಾಂಗಣ, ಊಟ, ಹರಾಜುದಾರನ ಸಂಭಾವನೆ, ತಿಂಗಳುಗಟ್ಟಲೆ ದುಡಿದ ಸಿಬ್ಬಂದಿಯ ಸಂಬಳ ಕಳೆದ ಮೇಲೆ ಉಳಿದದ್ದೇ ನಿಜವಾದ ಆದಾಯ. ಪತ್ರಿಕಾ ಪ್ರಕಟಣೆಗಳಲ್ಲಿ ಬರುವುದು ಒಟ್ಟು ಮೊತ್ತ. ನಿವ್ವಳ ಎಷ್ಟೆಂದು ಹುಡುಕಲು ವಾರ್ಷಿಕ ಲೆಕ್ಕಪತ್ರದವರೆಗೆ ಹೋಗಬೇಕಾಗುತ್ತದೆ. ವರದಿಗಾರರಾದ ನಾವೂ ದೊಡ್ಡ ಅಂಕಿಯನ್ನೇ ಶೀರ್ಷಿಕೆಗೆ ಎತ್ತಿಕೊಳ್ಳುತ್ತೇವೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ರಸೀದಿಯಲ್ಲಿ ಎರಡು ಅಂಕಿ

ಹರಾಜಿನಲ್ಲಿ ಸಾವಿರ ಡಾಲರ್ ಕೊಟ್ಟು ಚಿತ್ರವೊಂದನ್ನು ಕೊಂಡವರು, ಸಾವಿರ ಡಾಲರ್ ದಾನ ಮಾಡಿದೆ ಎಂದು ಹೇಳಿಕೊಳ್ಳಬಹುದೇ? ಅಮೆರಿಕದ ತೆರಿಗೆ ಇಲಾಖೆಯ ಉತ್ತರ ಸ್ಪಷ್ಟ: ಇಲ್ಲ. ಚಿತ್ರದ ಮಾರುಕಟ್ಟೆ ಬೆಲೆ 400 ಡಾಲರ್ ಎಂದಿಟ್ಟುಕೊಂಡರೆ, ಮೇಲಿನ 600 ಮಾತ್ರ ದಾನ, ಉಳಿದದ್ದು ಖರೀದಿ. ಕೊಂಡವರಿಗೆ ಆ ಮಾರುಕಟ್ಟೆ ಬೆಲೆ ಮೊದಲೇ ತಿಳಿದಿರಬೇಕು. ಆದ್ದರಿಂದ ಹರಾಜಿಗೆ ಮುಂಚೆ ಹಂಚುವ ಪಟ್ಟಿಯಲ್ಲಿ ಪ್ರತಿ ವಸ್ತುವಿನ ಅಂದಾಜು ಬೆಲೆ ನಮೂದಿಸುತ್ತಾರೆ. ಪ್ರತಿಯಾಗಿ ವಸ್ತುವನ್ನೋ ಊಟವನ್ನೋ ಕೊಟ್ಟು 75 ಡಾಲರ್‌ಗಿಂತ ಹೆಚ್ಚು ಪಡೆದರೆ, ಅದರಲ್ಲಿ ದಾನವೆಷ್ಟು, ಪ್ರತಿಫಲವೆಷ್ಟು ಎಂದು ಸಂಸ್ಥೆ ಲಿಖಿತವಾಗಿ ತಿಳಿಸುವುದು ಕಡ್ಡಾಯ.

ಇದರಿಂದ ಒಂದು ವಿಚಿತ್ರ ಫಲಿತಾಂಶ ಹುಟ್ಟುತ್ತದೆ. ಮೌನ ಹರಾಜಿನ ಬಹಳಷ್ಟು ವಸ್ತುಗಳು ಮಾರುಕಟ್ಟೆ ಬೆಲೆಗಿಂತ ಕಡಿಮೆಗೇ ಹೋಗುತ್ತವೆ. 400 ಡಾಲರ್‌ನ ವಸ್ತುವನ್ನು 250ಕ್ಕೆ ಕೊಂಡವರು ಮನೆಗೆ ಮರಳುವಾಗ ಮರುಭೂಮಿಗೆ ಉಪಕಾರ ಮಾಡಿದೆವೆಂದು ಭಾವಿಸಿರುತ್ತಾರೆ. ತೆರಿಗೆಯ ಕಣ್ಣಿನಲ್ಲಿ ಅವರು ದಾನಿಗಳೇ ಅಲ್ಲ, ಅಗ್ಗದಲ್ಲಿ ಸಾಮಾನು ಕೊಂಡ ಗಿರಾಕಿಗಳು. ಮ್ಯೂಸಿಯಂಗಂತೂ ಪೂರ್ತಿ 250 ಬಂತು, ಏಕೆಂದರೆ ವಸ್ತು ಅದಕ್ಕೆ ಪುಕ್ಕಟೆ ದೊರೆತದ್ದು. ದಾನ ಮಾಡಿದವರು ವಸ್ತು ಕೊಟ್ಟವರು. ಅವರು ಆ ಸಂಜೆ ಸಭಾಂಗಣದಲ್ಲಿ ಇರುವುದೂ ಅಪರೂಪ.

ಲಾಟರಿಯ ಚೀಟಿ ಕೊಂಡರೆ ಅದರಲ್ಲಿ ಒಂದು ಡಾಲರ್ ಕೂಡ ದಾನವೆನಿಸದು. ಫಲಕ ಎತ್ತಿ ಕೊಟ್ಟ ಹಣಕ್ಕೆ ಪ್ರತಿಫಲವಿಲ್ಲದ್ದರಿಂದ ಅದಷ್ಟೂ ದಾನವೇ. ಸಮುದ್ರ ತೀರದ ತಮ್ಮ ಮನೆಯಲ್ಲಿ ಒಂದು ವಾರ ತಂಗುವ ಅವಕಾಶವನ್ನು ಹರಾಜಿಗೆ ಕೊಟ್ಟವರಿಗೆ ವಿನಾಯಿತಿ ಇಲ್ಲ; ಮನೆ ಅವರದಾಗಿಯೇ ಉಳಿದಿರುವಾಗ ಕೊಟ್ಟದ್ದು ಬಳಕೆಯನ್ನಷ್ಟೇ ಎಂಬುದು ಕಾನೂನಿನ ವಾದ. ತಮ್ಮ ಸಮಯ, ಸೇವೆ ಕೊಟ್ಟವರಿಗೂ ಇಲ್ಲ. 2017ರ ತೆರಿಗೆ ಕಾಯ್ದೆಯಿಂದಾಗಿ ವಿನಾಯಿತಿಗಳನ್ನು ಪಟ್ಟಿ ಮಾಡಿ ಕೇಳುವ ಅಮೆರಿಕನ್ನರ ಸಂಖ್ಯೆಯೇ ಬಹಳ ತಗ್ಗಿತು. ಹೀಗಾಗಿ ಸಾಮಾನ್ಯ ಅತಿಥಿಗೆ ಈ ರಸೀದಿಯ ಉಪಯೋಗ ಅಷ್ಟಕ್ಕಷ್ಟೆ ಎನ್ನುವಂತಾಯಿತು. ಆದರೂ ಎರಡು ಅಂಕಿಗಳ ಶಿಸ್ತು ಬಿಟ್ಟಿಲ್ಲ.

ಭಾರತದಲ್ಲಿ ಹರಾಜಿನ ಮೂಲಕ ಸತ್ಕಾರ್ಯಕ್ಕೆ ಹಣ ಕೂಡಿಸಿದ ದೊಡ್ಡ ಉದಾಹರಣೆಯೆಂದರೆ ಪ್ರಧಾನಿಗೆ ಬಂದ ಉಡುಗೊರೆಗಳ ಮಾರಾಟ. 2019ರಿಂದ ನಡೆದ ಈ ಹರಾಜುಗಳ ಹಣ ಗಂಗಾ ನದಿಯ ಶುದ್ಧೀಕರಣದ 'ನಮಾಮಿ ಗಂಗೆ' ಯೋಜನೆಗೆ ಸಂದಿದೆ. ಖಾಸಗಿ ಸಂಸ್ಥೆಗಳ ವಿಷಯದಲ್ಲಿ, 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮು ಮಾನ್ಯ ಮಾಡಿದ್ದು ಹಣದ ರೂಪದ ದಾನವನ್ನು ಮಾತ್ರ. ಹರಾಜಿಗೆಂದು ಚಿತ್ರವನ್ನೋ ಸೀರೆಯನ್ನೋ ಕೊಟ್ಟವರಿಗೆ ಅದರಡಿ ಏನೂ ದೊರೆಯುತ್ತಿರಲಿಲ್ಲ. 2017-18ನೇ ಹಣಕಾಸು ವರ್ಷದಿಂದ 2,000 ರೂಪಾಯಿ ಮೀರಿದ ನಗದು ದಾನಕ್ಕೂ ಅದು ವಿನಾಯಿತಿ ಕೊಡಲಿಲ್ಲ.

ಕುಂಚದ ಬೆಲೆ, ಬಣ್ಣದ ಬೆಲೆ

ನಿಸರ್ಗ ಸಂಸ್ಥೆಗಳ ಹರಾಜಿನಲ್ಲಿ ಚಿತ್ರ, ಶಿಲ್ಪ, ಛಾಯಾಚಿತ್ರಗಳಿಗೆ ಮುಖ್ಯ ಸ್ಥಾನ. ಟೂಸಾನ್‌ನ ಮ್ಯೂಸಿಯಂಗೆ ತನ್ನದೇ ಕಲಾಶಾಲೆ ಇದೆ, ಐರನ್‌ವುಡ್ ಹೆಸರಿನ ಗ್ಯಾಲರಿ ಇದೆ. ಮರುಭೂಮಿಯನ್ನು ಬರೆಯುವ ಕಲಾವಿದರ ಬಳಗವೇ ಅದರ ಸುತ್ತ ಬೆಳೆದಿದೆ. ಹರಾಜಿಗೆ ಕೃತಿ ಕೊಡಿ ಎಂದು ಯಾರನ್ನು ಕೇಳುವುದೆಂದರೆ ಸಹಜವಾಗಿ ಇಂಥವರನ್ನೇ. ವರ್ಷಕ್ಕೆ ಹತ್ತಾರು ಸಂಸ್ಥೆಗಳಿಂದ ಇಂಥ ಪತ್ರ ಬರುತ್ತವೆ ಎಂಬುದು ಅಮೆರಿಕದ ಕಲಾವಿದರ ಸಾಮಾನ್ಯ ದೂರು.

ದೂರಿನಲ್ಲಿ ಹುರುಳಿದೆ. 1969ರ ತೆರಿಗೆ ಸುಧಾರಣಾ ಕಾಯ್ದೆ ಬಂದಂದಿನಿಂದ, ಕಲಾವಿದ ತಾನೇ ರಚಿಸಿದ ಕೃತಿಯನ್ನು ದಾನ ಮಾಡಿದರೆ ಕ್ಯಾನ್ವಾಸ್, ಬಣ್ಣ, ಚೌಕಟ್ಟಿಗೆ ತಗುಲಿದ ಖರ್ಚನ್ನಷ್ಟೇ ದಾನವೆಂದು ತೋರಿಸಬಹುದು. ಮೂರು ಸಾವಿರ ಡಾಲರ್‌ಗೆ ಮಾರಾಟವಾಗುವ ಚಿತ್ರಕ್ಕೆ ಲೆಕ್ಕಕ್ಕೆ ಸಿಗುವುದು ಹೆಚ್ಚೆಂದರೆ ನೂರು, ಇನ್ನೂರು. ಅದೇ ಚಿತ್ರವನ್ನು ಹಿಂದೆಂದೋ ಕೊಂಡಿಟ್ಟ ಸಂಗ್ರಾಹಕ ಹರಾಜಿಗೆ ಕೊಟ್ಟರೂ ಸಾಮಾನ್ಯವಾಗಿ ಕೊಂಡ ಬೆಲೆಯನ್ನು ಮೀರಿ ವಿನಾಯಿತಿ ಕೇಳುವಂತಿಲ್ಲ, ಏಕೆಂದರೆ ಮ್ಯೂಸಿಯಂ ಅದನ್ನು ಗೋಡೆಗೆ ತೂಗುಹಾಕದೆ ಮಾರುತ್ತಿದೆ. ಆದರೆ ಕೊಂಡ ಬೆಲೆಯಾದರೂ ಅವನಿಗೆ ಸಿಗುತ್ತದೆ. ಬರೆದ ಕೈಗೆ ಬಣ್ಣದ ಡಬ್ಬಿಯ ಬೆಲೆ ಮಾತ್ರ.

ಇದಕ್ಕಿಂತ ದೊಡ್ಡ ಪೆಟ್ಟು ಮಾರುಕಟ್ಟೆಯದು. ಕಲಾವಿದನ ಕೃತಿ ಹರಾಜಿನ ಮೇಜಿನ ಮೇಲೆ ಅರ್ಧ ಬೆಲೆಗೆ ಹೋದರೆ, ಅದೇ ಊರಿನ ಗ್ಯಾಲರಿಯಲ್ಲಿ ಪೂರ್ತಿ ಬೆಲೆ ಕೊಡಲು ಯಾರು ಮುಂದಾಗುತ್ತಾರೆ? ಮುಂದಿನ ವರ್ಷದ ಹರಾಜಿಗೆ ಕಾದರಾಯಿತು ಎನ್ನುವ ಗಿರಾಕಿಗಳೂ ಉಂಟು. ಇದನ್ನರಿತ ಕೆಲವು ಸಂಸ್ಥೆಗಳು ಕನಿಷ್ಠ ಬೆಲೆ ನಿಗದಿಪಡಿಸಿ, ಅದಕ್ಕಿಂತ ಕೆಳಗೆ ಬಂದರೆ ಕೃತಿಯನ್ನು ಹಿಂದಿರುಗಿಸುತ್ತವೆ. ಇನ್ನು ಕೆಲವು, ಬಂದ ಹಣದಲ್ಲಿ ಕಲಾವಿದರಿಗೂ ಪಾಲು ಕೊಡುತ್ತವೆ. ಪಾಲು ಕೊಡುವ ಕ್ರಮವೇ ನ್ಯಾಯವೆಂದು ಈ ಲೇಖಕನಿಗೆ ತೋರುತ್ತದೆ. ಪುಕ್ಕಟೆ ಕೃತಿ ಕೊಟ್ಟು ಸೋತ ಕಲಾವಿದ ಮರುವರ್ಷ ಕೊಡುವುದು ಮೂಲೆಯಲ್ಲಿ ಉಳಿದ ಚಿತ್ರವನ್ನು, ಆಗ ಹರಾಜೂ ಕಳೆಗುಂದುತ್ತದೆ.

ಹರಾಜಿಗಿಡಲಾಗದ ವಸ್ತುಗಳು

ಮರುಭೂಮಿಯ ಹೆಸರಿನಲ್ಲಿ ನಡೆಯುವ ಹರಾಜಿನಲ್ಲಿ ಮರುಭೂಮಿಯನ್ನೇ ಮಾರುವಂತಿಲ್ಲ. ಸೊನೊರಾದ ಗುರುತಾಗಿರುವ, ಕೈಗಳೆತ್ತಿ ನಿಂತ ಮನುಷ್ಯನಂತೆ ಕಾಣುವ ಸಗ್ವಾರೊ ಕಳ್ಳಿಯನ್ನೇ ನೋಡಿ. ಸ್ಥಳೀಯರ ಬಾಯಲ್ಲಿ ಇದು 'ಸವಾರೊ'. ಅರಿಜೋನಾದಲ್ಲಿ ಸ್ಥಳೀಯ ಸಸ್ಯಗಳ ರಕ್ಷಣೆಗೆ 1929ರಷ್ಟು ಹಿಂದೆಯೇ ಕಾನೂನು ಬಂತು. ರಕ್ಷಿತ ಗಿಡವನ್ನು ಬಯಲಿನಿಂದ ಕಿತ್ತು ಸಾಗಿಸಲು ರಾಜ್ಯದ ಪರವಾನಗಿ ಬೇಕು, ಗಿಡಕ್ಕೆ ಅಧಿಕೃತ ಚೀಟಿ ಕಟ್ಟಿರಬೇಕು. ಹರಾಜಿನ ಮೇಜಿಗೆ ಬರುವ ಕಳ್ಳಿ ಸಸಿಗಳು ನರ್ಸರಿಯಲ್ಲಿ ಬೀಜದಿಂದ ಬೆಳೆಸಿದವಾಗಿರಬೇಕು, ಇಲ್ಲವೇ ಚೀಟಿ ಇರುವವಾಗಿರಬೇಕು.

ಹಕ್ಕಿಯ ಗರಿಗೆ ನಿಯಮ ಇನ್ನೂ ಬಿಗಿ. 1918ರ ವಲಸೆ ಹಕ್ಕಿಗಳ ಒಪ್ಪಂದ ಕಾಯ್ದೆಯ ಪ್ರಕಾರ ರಕ್ಷಿತ ಹಕ್ಕಿಯ ಗರಿಯನ್ನು, ಅದು ತಾನಾಗಿಯೇ ಉದುರಿದ್ದಾದರೂ, ಮಾರುವುದಿರಲಿ, ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೂ ಅಪರಾಧ. ನವಿಲಿನ ಬಾಲದ ಗರಿಗೆ ವಿನಾಯಿತಿ ಕೊಟ್ಟ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಹೋಲಿಸಿದರೆ ಇದು ಕಠಿಣವೇ. ಹ್ಯಾರಿಸ್ ಗಿಡುಗ ಪ್ರದರ್ಶನದ ನಡುವೆ ಉದುರಿಸಿದ ಗರಿಗೆ ಹರಾಜಿನಲ್ಲಿ ಎಷ್ಟು ಬೆಲೆ ಬಂದೀತೋ ಊಹಿಸಬಹುದು, ಇಡುವಂತಿಲ್ಲ.

ಮರುಭೂಮಿ ಆಮೆಯ ಕಥೆ ಬೇರೆ. ಸಾಕಿದ ಆಮೆಗಳನ್ನು ಮತ್ತೆ ಬಯಲಿಗೆ ಬಿಟ್ಟರೆ ಕಾಡಿನ ಆಮೆಗಳಿಗೆ ರೋಗ ಹರಡುವ ಅಪಾಯವಿದೆ. ಆದ್ದರಿಂದ ಮನೆಯಿಲ್ಲದ ಸಾಕು ಆಮೆಗಳನ್ನು ಯೋಗ್ಯ ಅಂಗಳವಿರುವ ಮನೆಗಳಿಗೆ ದತ್ತು ಕೊಡುವ ಕಾರ್ಯಕ್ರಮ ಅರಿಜೋನಾದಲ್ಲಿ ನಡೆದುಬಂದಿದೆ, ಟೂಸಾನ್ ಭಾಗದಲ್ಲಿ ಆ ಕೆಲಸಕ್ಕೆ ಮ್ಯೂಸಿಯಂ ಕೈಜೋಡಿಸಿತ್ತು. ಆಮೆಯನ್ನು ದತ್ತು ಪಡೆಯಬಹುದು, ಮಾರುವ ಹಾಗಿಲ್ಲ.

ಹಣ ಹೋಗುವ ಗುಡ್ಡ

ಹರಾಜಿನಿಂದ ಬಂದ ಹಣವನ್ನು ಎಲ್ಲಿ ವಿನಿಯೋಗಿಸಬೇಕು? ಈ ಪ್ರಶ್ನೆಗೆ ಸೊನೊರಾದಲ್ಲಿ ಸಿಗುವ ಉತ್ತರಗಳಲ್ಲಿ ತುರ್ತಿನದು ಒಂದು ಹುಲ್ಲು. ಬಫೆಲ್ ಹುಲ್ಲು ಎಂದು ಅಲ್ಲಿ ಕರೆಯುವ ಇದು ಆಫ್ರಿಕ ಮತ್ತು ಏಷ್ಯದ ಒಣನಾಡುಗಳದು. ನಮ್ಮಲ್ಲಿ ಅಂಜನ್ ಹುಲ್ಲು ಎಂಬ ಹೆಸರಿನಿಂದ ಜೋಧಪುರದ ಸುತ್ತಿನ ಮರುಪ್ರದೇಶದಲ್ಲಿ ಒಳ್ಳೆಯ ಮೇವೆಂದು ಬೆಳೆಸುತ್ತಾರೆ. 1930ರ ದಶಕದ ಬಳಿಕ ಮಣ್ಣು ಸವಕಳಿ ತಡೆಯಲು, ದನಗಳಿಗೆ ಮೇವಾಗಲೆಂದು ಇದನ್ನು ಅಮೆರಿಕಕ್ಕೆ ಒಯ್ದರು. ಸೊನೊರಾದ ಗಿಡಗಳ ನಡುವೆ ಬರಿ ನೆಲದ ಅಂತರವಿದ್ದುದರಿಂದ ಅಲ್ಲಿ ಬೆಂಕಿ ಹಬ್ಬುತ್ತಿರಲಿಲ್ಲ. ಬೆಂಕಿಯನ್ನು ತಾಳುವ ಶಕ್ತಿ ಅಲ್ಲಿನ ಕಳ್ಳಿಗಳಿಗೆ ಬೆಳೆದೇ ಇಲ್ಲ. ಈ ಹುಲ್ಲು ಆ ಅಂತರವನ್ನು ತುಂಬಿ, ಒಣಗಿ, ಗುಡ್ಡದುದ್ದಕ್ಕೂ ಉರುವಲಿನ ಹಾಸಾಗುತ್ತದೆ. ಬೆಂಕಿ ಹಾದುಹೋದ ಮೇಲೆ ಬುಡದಿಂದ ಚಿಗುರುವುದು ಹುಲ್ಲು, ಸಾಯುವುದು ಸಗ್ವಾರೊ.

ಇಲ್ಲಿ ಕೊಡುಕೊಳ್ಳುವಿಕೆಯ ಇನ್ನೊಂದು ಮುಖವೂ ಇದೆ. ಕರ್ನಾಟಕದ ಬಯಲುಸೀಮೆಯ ಕೆರೆಯಂಗಳಗಳನ್ನು ನುಂಗಿರುವ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ಬಂದ ಗಿಡ, ಸೊನೊರಾದ ಮೆಸ್ಕೀಟ್ ಮರದ ಹತ್ತಿರದ ಸಂಬಂಧಿ. ಅಲ್ಲಿ ಮೆಸ್ಕೀಟ್ ಗೌರವದ ಮರ. ಅದರ ನೆರಳಿನಲ್ಲಿ, ಬಿಸಿಲು ಹಾಗೂ ಮಂಜಿನಿಂದ ಮರೆಯಾಗಿ ಸಗ್ವಾರೊ ಸಸಿ ಬದುಕುತ್ತದೆ. ಅಲ್ಲಿನವರು ಇಂಥ ಮರಗಳನ್ನು ದಾದಿ ಮರಗಳೆನ್ನುತ್ತಾರೆ. ನಮ್ಮ ಮೇವು ಅವರಿಗೆ ಶಾಪ, ಅವರ ದಾದಿಯ ಬಳಗ ನಮಗೆ ಪೀಡೆ!

ಈ ಸಸಿಯ ಬೆಳವಣಿಗೆಯ ವೇಗ ತಿಳಿದರೆ ಹಣದ ಲೆಕ್ಕವೂ ಬದಲಾಗುತ್ತದೆ. ಮೊದಲ ಎಂಟು ವರ್ಷಗಳಲ್ಲಿ ಸಗ್ವಾರೊ ಬೆಳೆಯುವುದು ಮೂರು, ನಾಲ್ಕು ಸೆಂಟಿಮೀಟರ್. ಹೂಬಿಡಲು ಮೂವತ್ತೈದು ವರ್ಷದಷ್ಟು ಬೇಕು, ಮೊದಲ ಕೈ ಮೂಡಲು ಐವತ್ತರಿಂದ ಎಪ್ಪತ್ತು. ಆಯಸ್ಸು ನೂರೈವತ್ತು ದಾಟುತ್ತದೆ. ರಾತ್ರಿ ಅರಳುವ ಅದರ ಹೂವಿಗೆ ಮೆಕ್ಸಿಕೊದಿಂದ ವಲಸೆ ಬರುವ ಉದ್ದಮೂಗಿನ ಬಾವಲಿ ಪರಾಗ ಸಾಗಿಸುತ್ತದೆ. ಅಳಿವಿನಂಚಿನಲ್ಲಿದ್ದ ಆ ಬಾವಲಿ ಚೇತರಿಸಿಕೊಂಡು 2018ರಲ್ಲಿ ಅಮೆರಿಕದ ಅಪಾಯದ ಪಟ್ಟಿಯಿಂದ ಹೊರಬಂತು. ಜೂನ್ ಹೊತ್ತಿಗೆ ಹಣ್ಣಾದಾಗ ಟೊಹೊನೊ ಓಧಮ್ ಬುಡಕಟ್ಟಿನವರು ಉದ್ದ ಗಳಗಳಿಂದ ಹಣ್ಣು ಇಳಿಸುತ್ತಾರೆ, ಅವರ ಹೊಸ ವರ್ಷ ಅಲ್ಲಿಂದ ಆರಂಭ. 2023ರ ಬೇಸಿಗೆಯಲ್ಲಿ ಫೀನಿಕ್ಸ್ ನಗರದಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ಮೀರಿತು. ರಾತ್ರಿಯೂ ತಂಪಾಗದೆ ಅಲ್ಲಿನ ಸಗ್ವಾರೊಗಳು ಕೈ ಕಳಚಿ ಬಿದ್ದವು, ಕೆಲವು ಬುಡಸಮೇತ ಕುಸಿದವು. ಹಾಗೆ ಬಿದ್ದ ದೊಡ್ಡ ಕಳ್ಳಿಯ ಸ್ಥಾನಕ್ಕೆ ಇನ್ನೊಂದು ಬರಬೇಕಾದರೆ ಇಂದು ಹುಟ್ಟಿದ ಮಗುವಿನ ಮೊಮ್ಮಗ ನೋಡಬೇಕಷ್ಟೆ.

ಹುಲ್ಲು ಕೀಳುವ ಕೆಲಸಕ್ಕೆ ಮ್ಯೂಸಿಯಂ ಚಳಿಗಾಲದಲ್ಲಿ ಸ್ವಯಂಸೇವಕರನ್ನು ಕರೆಯುತ್ತದೆ. ಕಬ್ಬಿಣದ ಹಾರೆ ಹಿಡಿದು ಗುಡ್ಡ ಹತ್ತಿ, ಬುಡ ಸಡಿಲಿಸಿ, ಒಂದೊಂದೇ ಗುಪ್ಪೆಯನ್ನು ಬೇರುಸಹಿತ ಎತ್ತಬೇಕು. ಕಳೆನಾಶಕ ಸಿಂಪಡಿಸಬಹುದು, ಆದರೆ ಹುಲ್ಲು ಹಸಿರಾಗಿರುವ ಮಳೆಗಾಲದ ಕೆಲವು ವಾರಗಳಲ್ಲಿ ಮಾತ್ರ ಅದು ನಾಟುತ್ತದೆ. ಕಿತ್ತ ಜಾಗದ ಮಣ್ಣಿನಲ್ಲಿ ಬೀಜ ಕೆಲವು ವರ್ಷ ಜೀವ ಹಿಡಿದಿರುವುದರಿಂದ ಅದೇ ಇಳಿಜಾರಿಗೆ ಮರುವರ್ಷ, ಅದರ ಮರುವರ್ಷ ಹೋಗಲೇಬೇಕು.

ಹರಾಜಿನ ಹಣಕ್ಕೆ ಈ ಗುಣವಿಲ್ಲ. ಒಂದು ವರ್ಷ ಚೆನ್ನಾಗಿ ಬರುತ್ತದೆ, ಷೇರುಪೇಟೆ ಕುಸಿದ ವರ್ಷ ಅರ್ಧಕ್ಕಿಳಿಯುತ್ತದೆ. ಫಲಕ ಎತ್ತಿಸುವಾಗ ಹೊಸ ಕಟ್ಟಡ, ಹೊಸ ಪ್ರಾಣಿಮನೆ ಎಂದರೆ ಕೈಗಳು ಬೇಗ ಮೇಲೇಳುತ್ತವೆ. ಕಳೆದ ವರ್ಷ ಕಿತ್ತ ಹುಲ್ಲನ್ನೇ ಈ ವರ್ಷವೂ ಕೀಳಬೇಕು ಎಂದರೆ ಏಳುವುದು ನಿಧಾನ. ಇದಕ್ಕೆಂದೇ ಕೆಲವು ಸಂಸ್ಥೆಗಳು ಸಂಜೆಯ ಗಳಿಕೆಯ ಒಂದು ಭಾಗವನ್ನು ಖರ್ಚಿಗೆ ಕೊಡದೆ ಪುದುವಟ್ಟಾಗಿ ಇಟ್ಟು, ಅದರ ಬಡ್ಡಿಯಿಂದ ವರ್ಷ ವರ್ಷದ ಕೆಲಸ ನಡೆಸುತ್ತವೆ. ಹರಾಜಿನ ಆಹ್ವಾನಪತ್ರಿಕೆ ಕೈಗೆ ಬಂದಾಗ, ಪಟ್ಟಿಯ ಮೊದಲ ಪುಟದ ಚಿತ್ರಕ್ಕಿಂತ ಮೊದಲು ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿರುವ ಈ ಹಂಚಿಕೆಯನ್ನು ನೋಡುವ ದಾನಿಗಳೂ ಇದ್ದಾರೆ, ಕಡಿಮೆ ಮಂದಿ.